ಫಾರ್ಮ್ಯಾಟ್ ಮಾಡುವ ಮೊದಲು ಸ್ಕ್ರೀನ್ ಓದಿ

ಕಂಪ್ಯೂಟರ್ ಕೈಕೊಟ್ಟಾಗ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಔಷಧಿ. "ಫಾರ್ಮ್ಯಾಟ್ ಮಾಡ್ಬಿಡೋಣ." ರಿಪೇರಿ ಅಂಗಡಿಯವರು ಹೇಳುತ್ತಾರೆ, ಆಫೀಸಿನಲ್ಲಿ ಸ್ವಲ್ಪ ತಿಳಿದವರು ಹೇಳುತ್ತಾರೆ, ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗನೂ ಹೇಳುತ್ತಾನೆ. ಅದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್) ಇದ್ದರಂತೂ ವಿಚಾರಣೆಯೇ ಇಲ್ಲ. "ಎರಡೆರಡು ಹಾಕಿದ್ದಕ್ಕೇ ಹೀಗಾಗಿದ್ದು" ಅನ್ನುವ ತೀರ್ಪು ಮೊದಲು ಬರುತ್ತದೆ. ಫಾರ್ಮ್ಯಾಟ್ ಆಮೇಲೆ.

ನನ್ನನ್ನು ಕಾಡುವುದು ಇದು. ನಾನು ಕೂತು ನೋಡಿದ ಇಂಥ ಯಂತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಏನೂ ಹಾಳಾಗಿರಲಿಲ್ಲ. ಫೋಟೊಗಳು ಇದ್ದಲ್ಲೇ ಇದ್ದವು. ವಿಂಡೋಸ್ ಇತ್ತು, ಲಿನಕ್ಸ್ ಇತ್ತು. ಅವುಗಳ ಹತ್ತಿರ ಹೋಗುವ ದಾರಿ ಮಾತ್ರ ಎಲ್ಲೋ ಒಂದು ಕಡೆ ತಪ್ಪಿತ್ತು. ಹತ್ತು ನಿಮಿಷದ ಕೆಲಸಕ್ಕೆ ಇಡೀ ಡಿಸ್ಕ್ ಒರೆಸುತ್ತೇವೆ. ಇದರ ಇನ್ನೊಂದು ತೊಂದರೆ ಏನೆಂದರೆ ಫಾರ್ಮ್ಯಾಟ್ ನಿಜಕ್ಕೂ ಕೆಲಸ ಮಾಡುತ್ತದೆ. ಯಂತ್ರ ಮತ್ತೆ ಓಡುತ್ತದೆ. ಆದ್ದರಿಂದ ಮೊದಲು ಏನಾಗಿತ್ತು ಅನ್ನುವುದು ಯಾರಿಗೂ ಗೊತ್ತಾಗುವುದೇ ಇಲ್ಲ. ಮುಂದಿನ ಸಲ ಅದೇ ಆದಾಗ ಮತ್ತೆ ಅದೇ ಔಷಧಿ.

ಯಾರ ಕೈಯಿಂದ ಯಾರ ಕೈಗೆ

ಗುಂಡಿ ಒತ್ತಿದ ಮೇಲೆ ವಿಂಡೋಸ್ ನೇರವಾಗಿ ಎದ್ದು ಬರುವುದಿಲ್ಲ. ಮೊದಲು ಏಳುವುದು ಮದರ್‌ಬೋರ್ಡಿನ ಒಳಗೇ ಇರುವ ಪುಟ್ಟ ಸಾಫ್ಟ್‌ವೇರ್. ಈಗ ಅದರ ಸರಿಯಾದ ಹೆಸರು ಯುಇಎಫ್‌ಐ, ಆದರೆ ಎಲ್ಲರೂ ಇನ್ನೂ ಬಯಾಸ್ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅದು ತನ್ನ ಬಳಿ ಇರುವ ಪಟ್ಟಿ ನೋಡುತ್ತದೆ: ಮೊದಲು ಯಾರನ್ನು ಎಬ್ಬಿಸಬೇಕು, ಅವರು ಸಿಗದಿದ್ದರೆ ಆಮೇಲೆ ಯಾರನ್ನು. ಆ ಪಟ್ಟಿ ತೋರಿಸುವುದು ಡಿಸ್ಕಿನ ಒಂದು ಸಣ್ಣ ಪಾರ್ಟಿಷನ್ನಿನ ಕಡೆಗೆ, ಅಂದರೆ ಬೇರೆಯಾಗಿ ಪಾಲು ಮಾಡಿಟ್ಟ ಜಾಗದ ಕಡೆಗೆ. ಅದು ಎಫ್‌ಎಟಿ32 ಅನ್ನುವ ಕ್ರಮದಲ್ಲಿ ಫೈಲ್ ಇಡುವ ಪಾರ್ಟಿಷನ್. ವಿಂಡೋಸ್ ತಾನೇ ಮಾಡಿಕೊಂಡಾಗ ಸಾಮಾನ್ಯವಾಗಿ 100 ಎಂಬಿ ಇರುತ್ತದೆ. ಅದರೊಳಗೆ ವಿಂಡೋಸ್‌ನದ್ದು ಒಂದು ಫೋಲ್ಡರ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿದ್ದರೆ ಅದರದ್ದು ಇನ್ನೊಂದು. ಉಬುಂಟು ಫೋಲ್ಡರಿನಲ್ಲಿ ಗ್ರಬ್ ಅನ್ನುವ ಎಬ್ಬಿಸುವ ಪ್ರೋಗ್ರಾಂ ಇರುತ್ತದೆ. ಗ್ರಬ್ ಎದ್ದು ಲಿನಕ್ಸ್ ಪಾರ್ಟಿಷನ್ನಿಗೆ ಹೋಗಿ ತನ್ನ ಮೆನು ಫೈಲ್ ಓದುತ್ತದೆ. ಅಲ್ಲಿ ನೀವು ಆರಿಸಿದ್ದನ್ನು ಎಬ್ಬಿಸುತ್ತದೆ. ಗುರುತಿಲ್ಲದ ಊರಿನಲ್ಲಿ ಮದುವೆ ಮನೆ ಹುಡುಕಿಕೊಂಡು ಹೋದ ಹಾಗೆ. ಒಬ್ಬೊಬ್ಬರೂ ಮುಂದಿನ ತಿರುವಿನ ತನಕ ಮಾತ್ರ ಹೇಳುತ್ತಾರೆ. ನಡುವೆ ಒಬ್ಬ ತಪ್ಪು ಕಡೆ ಕೈ ತೋರಿಸಿದರೆ ನೀವು ಗದ್ದೆಯಲ್ಲಿ ನಿಂತಿರುತ್ತೀರಿ. ಮದುವೆ ಮನೆಯೇನೂ ಕುಸಿದಿರುವುದಿಲ್ಲ.

ಹಳೆಯ ಯಂತ್ರಗಳಲ್ಲಿ ಇದು ಇನ್ನೂ ಇಕ್ಕಟ್ಟಿನ ವ್ಯವಹಾರ. ಡಿಸ್ಕಿನ ಮೊದಲ 512 ಬೈಟ್, ಅಷ್ಟೇ ಜಾಗ. 1983ರ ಪಿಸಿ ಡಾಸ್ 2.0 ಕಾಲದಿಂದ ಬಂದ ಏರ್ಪಾಡು. ಅದರಲ್ಲಿ 64 ಬೈಟ್ ಪಾರ್ಟಿಷನ್ ಪಟ್ಟಿಗೆ, ಅದಕ್ಕೇ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಮಾಡಲು ಆಗುತ್ತಿರಲಿಲ್ಲ. 2 ಬೈಟ್ ಗುರುತಿಗೆ. ಉಳಿದ 446 ಬೈಟ್‌ನಲ್ಲಿ ಎಬ್ಬಿಸುವ ಪ್ರೋಗ್ರಾಂ. ಕುರ್ಚಿ ಒಂದೇ, ಹಾಗಾಗಿ ಕೊನೆಗೆ ಬಂದವರದ್ದೇ ದರ್ಬಾರು. ಲಿನಕ್ಸ್ ಹಾಕಿದ ಮೇಲೆ ವಿಂಡೋಸ್ ಹಾಕಿದರೆ ಗ್ರಬ್ ಮಾಯ. "ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ" ಅನ್ನುವ ನಿಯಮ ಹುಟ್ಟಿದ್ದು ಇದರಿಂದ. ಯುಇಎಫ್‌ಐ ಬಂದ ಮೇಲೆ ಎಲ್ಲರಿಗೂ ಬೇರೆ ಬೇರೆ ಫೋಲ್ಡರ್ ಸಿಕ್ಕಿತು. ಈಗ ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಗ್ರಬ್ ಕಾಣದಿದ್ದರೆ, ಸಾಮಾನ್ಯವಾಗಿ ಅದು ಅಳಿಸಿ ಹೋಗಿರುವುದಿಲ್ಲ. ಬಯಾಸ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಇಳಿದಿರುತ್ತದೆ, ಅಷ್ಟೇ. ಪಟ್ಟಿಯಲ್ಲಿ ಮೇಲಕ್ಕೆ ತಂದರೆ ಸಾಕು.

ಯಾರಾದರೂ ಫೋನ್ ಮಾಡಿ "ಆನ್ ಆಗ್ತಿಲ್ಲ" ಅಂದರೆ ನಾನು ಮೊದಲು ಕೇಳುವುದು ಫೋಟೊ. ಸ್ಕ್ರೀನ್ ಮೇಲೆ ಏನಿದೆಯೋ ಅದರ ಫೋಟೊ. ಕಂಪನಿಯ ಲೋಗೊ ಕೂಡ ಬರದಿದ್ದರೆ ಅದು ವಿಂಡೋಸ್ ಲಿನಕ್ಸ್ ಜಗಳವೇ ಅಲ್ಲ. ರ್‍ಯಾಮ್, ಪವರ್ ಸಪ್ಲೈ ಕಡೆ ನೋಡಬೇಕು. ಲೋಗೊ ಬಂದು "ಬೂಟ್ ಡಿವೈಸ್ ಸಿಗಲಿಲ್ಲ" ಅಂದರೆ ಬಯಾಸ್ ಪಟ್ಟಿ ಖಾಲಿ, ಅಥವಾ ಡಿಸ್ಕ್ ಕಾಣುತ್ತಿಲ್ಲ. ಕಪ್ಪು ಪರದೆಯ ಮೇಲೆ ಗ್ರಬ್ ಅಂತ ಬರೆದು ಪಕ್ಕದಲ್ಲಿ ಬಾಣದ ಗುರುತು ಇದ್ದರೆ ಬಹಳ ಒಳ್ಳೆಯ ಸುದ್ದಿ. ಗ್ರಬ್ ಎದ್ದಿದೆ, ಅದಕ್ಕೆ ಮೆನು ಫೈಲ್ ಮಾತ್ರ ಸಿಕ್ಕಿಲ್ಲ. ಮೆನು ಬಂತು ಆದರೆ ವಿಂಡೋಸ್ ಹೆಸರೇ ಇಲ್ಲ ಅಂದರೆ ಕಥೆ ಇನ್ನೂ ಹಗುರ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್‌ಗಳನ್ನು ಹುಡುಕುವ ಕೆಲಸವನ್ನು ಸುರಕ್ಷತೆಯ ಕಾರಣಕ್ಕೆ ತಾನಾಗಿ ಮಾಡದಂತೆ ಇಟ್ಟಿದ್ದಾರೆ. ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬದಲಿಸಿ ಮೆನು ಮತ್ತೆ ಬರೆಸಿದರೆ ವಿಂಡೋಸ್ ಹಾಜರ್. ಇದಕ್ಕೂ ಫಾರ್ಮ್ಯಾಟ್ ಮಾಡಿಸಿದವರನ್ನು ನಾನು ನೋಡಿದ್ದೇನೆ. ವಿಂಡೋಸ್ ಇತ್ತು, ಮೆನುವಿನಲ್ಲಿ ಹೆಸರು ಇರಲಿಲ್ಲ. ಹೆಸರು ಇಲ್ಲ ಅಂತ ಇದ್ದದ್ದನ್ನೇ ಅಳಿಸಿದರು.

ಸಾಗರದ ಡಿಟಿಪಿ ಅಂಗಡಿ

ಸಾಗರದಲ್ಲಿ ನನ್ನ ಗೆಳೆಯನದ್ದು ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ತಾಳಮದ್ದಳೆಯ ಕರಪತ್ರ. ಎರಡು ಕಂಪ್ಯೂಟರ್. ಅದರಲ್ಲಿ ಹಳೆಯದು ಅಸೆಂಬಲ್ ಮಾಡಿಸಿದ್ದು, ವಿಂಡೋಸ್ 7 ಮತ್ತು ಉಬುಂಟು ಎರಡೂ ಇದ್ದವು. ವಿಂಡೋಸ್ ಯಾಕೆ ಬೇಕು ಅಂತ ಕನ್ನಡ ಡಿಟಿಪಿ ಮಾಡುವವರನ್ನು ಕೇಳಬೇಕಾಗಿಲ್ಲ. ಕನ್ನಡ ಟೈಪ್ ಮಾಡಲು ನುಡಿ, ಪುಟ ಜೋಡಿಸಲು ಪೇಜ್‌ಮೇಕರ್. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆದರೂ ಹಳೆಯ ಕೆಲಸಗಳೆಲ್ಲ ಅದರಲ್ಲೇ ಕೂತಿವೆ. ಹೋದ ವರ್ಷದ ರಶೀದಿ ಪುಸ್ತಕ ತೆಗೆದು ಇಸವಿ ತಿದ್ದಿ ಪ್ರಿಂಟ್ ಕೊಡುವುದೇ ಅರ್ಧ ವ್ಯಾಪಾರ. ಉಬುಂಟು ಬಂದದ್ದು ಗಿರಾಕಿಗಳ ಪೆನ್‌ಡ್ರೈವ್ ಕಾಟಕ್ಕೆ. ಫೋಲ್ಡರ್‌ಗಳನ್ನೆಲ್ಲ ಶಾರ್ಟ್‌ಕಟ್ ಮಾಡಿ ಹಾಕುವ ವೈರಸ್ ನೆನಪಿದೆ ಅಲ್ವಾ? ಆ ಯಂತ್ರ ದಿನವಿಡೀ ಲಿನಕ್ಸ್‌ನಲ್ಲೇ ಇರುತ್ತಿತ್ತು, ಪೆನ್‌ಡ್ರೈವ್ ತೆಗೆಯಲು, ಪ್ರಿಂಟ್ ಕೊಡಲು. ಕೆಲಸದ ಒತ್ತಡ ಬಂದಾಗ ಮಾತ್ರ ವಿಂಡೋಸ್.

ಗಣಪತಿ ಹಬ್ಬಕ್ಕೆ ಮುಂಚಿನ ದಿನಗಳು. ಚಂದಾ ರಶೀದಿ ಪುಸ್ತಕಗಳ ಸೀಸನ್. ಜೋರು ಮಳೆ, ಎಲ್ಲೋ ಮರ ಬಿದ್ದು ಕರೆಂಟ್ ಹೋದದ್ದು ಮರುದಿನವೂ ಬರಲಿಲ್ಲ. ಬಂದ ಮೇಲೆ ಹಳೆಯ ಯಂತ್ರದಲ್ಲಿ ವಿಂಡೋಸ್ ಏಳಲಿಲ್ಲ. ಲೋಗೊ ಅರ್ಧ ಬರುತ್ತದೆ, ನೀಲಿ ಪರದೆ ಮಿಂಚಿ ಮಾಯವಾಗುತ್ತದೆ, ಮತ್ತೆ ಮೊದಲಿನಿಂದ ಶುರು. ನಾನು ಊರಿಗೆ ಹೋಗಿದ್ದವನು ಸುಮ್ನೆ ಮಾತಾಡಿಸಲು ಅಂಗಡಿಗೆ ಹೋದರೆ ಗೆಳೆಯ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಹಾರ್ಡ್ ಡಿಸ್ಕ್ ಹೋಗಿದೆಯಂತೆ ಮಾರಾಯ. ಇಲ್ಲ ವಿಂಡೋಸ್ ಕೆಟ್ಟಿರ್ಬೇಕು, ಲಿನಕ್ಸ್ ಹಾಕಿದ್ದಕ್ಕೆ ಅಂತ ಹೇಳ್ದ ರಿಪೇರಿಯವ್ನು. ನಾಳೆ ಬಂದು ಫಾರ್ಮ್ಯಾಟ್ ಹೊಡೀತಾನಂತೆ."

"ಲಿನಕ್ಸ್ ಬರ್ತಿದ್ಯಾ?"

"ಅದು ಬರ್ತದೆ. ಅದ್ಕೇನೂ ಆಗ್ಲಿಲ್ಲ."

ಹಾಗಾದರೆ ಹಾರ್ಡ್ ಡಿಸ್ಕ್ ಹೇಗೆ ಹೋಯಿತು? ಎರಡೂ ಇರುವುದು ಒಂದೇ ಡಿಸ್ಕಿನಲ್ಲಿ. ಎರಡು ಓಎಸ್ ಇರುವುದರ ದೊಡ್ಡ ಲಾಭ ಇದೇ, ಆದರೆ ಯಾರೂ ಇದನ್ನು ಲಾಭ ಅಂತ ಎಣಿಸುವುದಿಲ್ಲ. ಒಂದು ಏಳದಿದ್ದಾಗ ಇನ್ನೊಂದು ಸಾಕ್ಷಿ ಹೇಳುತ್ತದೆ. ಉಬುಂಟು ತೆರೆದು ವಿಂಡೋಸ್ ಪಾರ್ಟಿಷನ್ ಒಳಗೆ ಹೋಗಿ ನೋಡಿದೆವು. ಪೇಜ್‌ಮೇಕರ್ ಫೈಲುಗಳೆಲ್ಲ ವರ್ಷವಾರು ಫೋಲ್ಡರಿನಲ್ಲಿ ಶಿಸ್ತಾಗಿ ಇದ್ದವು. ಮೊದಲು ಅವನ್ನು ಒಂದು ಹೊರಗಿನ ಡಿಸ್ಕಿಗೆ ಕಾಪಿ ಹಾಕಿದೆವು. ಅಷ್ಟಾದ ಮೇಲೆ ಗೆಳೆಯ ಚಹಾ ತರಿಸಿದ. ಅಲ್ಲಿಯ ತನಕ ಅವನಿಗೆ ಚಹಾದ ನೆನಪೂ ಇರಲಿಲ್ಲ.

ನೀಲಿ ಪರದೆಯನ್ನು ನಿಲ್ಲಿಸಿ ಓದಬೇಕಿತ್ತು. ವಿಂಡೋಸ್ 7ರಲ್ಲಿ ಎಫ್8 ಒತ್ತಿದರೆ ಬರುವ ಪಟ್ಟಿಯಲ್ಲಿ, ತಪ್ಪಾದಾಗ ತಾನಾಗಿ ರೀಸ್ಟಾರ್ಟ್ ಆಗಬೇಡ ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿದ ಮೇಲೆ ಪರದೆ ನಿಂತಿತು. ಉದ್ದದ ಸೊನ್ನೆಗಳ ಸಾಲು, ಕೊನೆಗೆ 7ಬಿ. ಈ ನಂಬರ್ ನೋಡಿದವರು ಮರೆಯುವುದಿಲ್ಲ. ವಿಂಡೋಸ್ ಎದ್ದಿದೆ, ಆದರೆ ತಾನು ಕೂತಿರುವ ಡಿಸ್ಕನ್ನೇ ತಲುಪಲು ಆಗುತ್ತಿಲ್ಲ ಅಂತ ಅದರ ಅರ್ಥ. ಲಿನಕ್ಸ್‌ಗೆ ಸಿಗುವ ಡಿಸ್ಕ್ ವಿಂಡೋಸ್‌ಗೆ ಯಾಕೆ ಸಿಗುವುದಿಲ್ಲ? ಬಯಾಸ್ ಒಳಗೆ ಹೋದೆ. ತಾರೀಕು ನೋಡಿದರೆ 2009ರ ಜನವರಿ 1.

ಆಗ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಮೆಲ್ಲಗೆ ಹೇಳಿದಳು. "ಸಾರ್, ಆನ್ ಮಾಡ್ದಾಗ ಬ್ಯಾಟರಿ ಲೋ ಅಂತ ಬರ್ತಿತ್ತು. ಎಫ್1 ಒತ್ತಿದ್ರೆ ಮುಂದೆ ಹೋಗ್ತಿತ್ತು. ನಾನು ಯಾವಾಗ್ಲೂ ಒತ್ತೋದು." ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದಲ್ಲ, ಸಿಆರ್2032, ಅದು ಸತ್ತಿತ್ತು. ಪ್ಲಗ್ ಆನ್ ಇರುವ ತನಕ ಪವರ್ ಸಪ್ಲೈಯಿಂದ ಸಣ್ಣಗೆ ಕರೆಂಟ್ ಬರುತ್ತಲೇ ಇರುತ್ತದೆ, ಬಯಾಸ್ ಸೆಟ್ಟಿಂಗ್ ಉಳಿಯುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಎಫ್1 ಒತ್ತಿಕೊಂಡು ನಡೆಯಿತು. ಕರೆಂಟ್ ಪೂರ್ತಿ ಹೋಗಿ ಮರುದಿನವೂ ಬರದಿದ್ದಾಗ ಬಯಾಸ್ ಎಲ್ಲವನ್ನೂ ಮರೆತು ಕಾರ್ಖಾನೆಯಿಂದ ಬಂದ ದಿನಕ್ಕೆ ಹೋಯಿತು. ಆ ಮರೆವಿನಲ್ಲಿ ಡಿಸ್ಕ್ ಜೊತೆ ಮಾತಾಡುವ ಕ್ರಮವೂ ಬದಲಾಯಿತು. ವಿಂಡೋಸ್ ಹಾಕಿದ್ದು ಎಎಚ್‌ಸಿಐ ಕ್ರಮದಲ್ಲಿ, ಬೋರ್ಡ್ ಈಗ ಹಳೆಯ ಐಡಿಇ ಕ್ರಮಕ್ಕೆ ಹೋಗಿತ್ತು. ಲಿನಕ್ಸ್ ಎರಡಕ್ಕೂ ಡ್ರೈವರ್ (ಡಿಸ್ಕ್ ಜೊತೆ ಮಾತಾಡಲು ಬೇಕಾದ ಸಾಫ್ಟ್‌ವೇರ್) ಜೊತೆಗೇ ಇಟ್ಟುಕೊಂಡು ಏಳುತ್ತದೆ, ಅದಕ್ಕೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ವಿಂಡೋಸ್ ತನಗೆ ಬೇಕಾದದ್ದನ್ನು ಮಾತ್ರ ಸಿದ್ಧ ಇಟ್ಟುಕೊಂಡಿತ್ತು. ಹೊಸ ಸೆಲ್ ಹಾಕಿ, ಒಂದು ಸೆಟ್ಟಿಂಗ್ ತಿರುಗಿಸಿದ ಮೇಲೆ ವಿಂಡೋಸ್ ಏನೂ ಆಗದವರಂತೆ ಎದ್ದು ಬಂತು.

ಫಾರ್ಮ್ಯಾಟ್ ಮಾಡಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಯೋಚಿಸಿದೆ. ಹೊಸ ವಿಂಡೋಸ್ ಐಡಿಇ ಕ್ರಮದಲ್ಲೇ ಕೂರುತ್ತಿತ್ತು. ಓಡುತ್ತಿತ್ತು ಕೂಡ. ರಿಪೇರಿಯವನ ರೋಗನಿರ್ಣಯ ಸರಿ ಅಂತ ಎಲ್ಲರೂ ನಂಬುತ್ತಿದ್ದರು. ಮುಂದೆ ಯಾರೋ ಪುಣ್ಯಾತ್ಮ ಸೆಲ್ ಬದಲಿಸಿ ಬಯಾಸ್‌ನಲ್ಲಿ ಎಎಚ್‌ಸಿಐ ಮಾಡಿದ ದಿನ ಮತ್ತೆ 7ಬಿ. ಆಗ ಬೈಗುಳ ಆ ಸೆಲ್ ಹಾಕಿದವನಿಗೆ.

ಒಂದು ಉಪಕಥೆ. ಎಲ್ಲ ಸರಿಯಾಯಿತು ಅಂದುಕೊಂಡರೆ ಗಡಿಯಾರ ಸರಿ ಇರಲಿಲ್ಲ. ಉಬುಂಟುವಿನಿಂದ ವಿಂಡೋಸ್‌ಗೆ ಬಂದರೆ ಟೈಮ್ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ ಹನ್ನೊಂದಕ್ಕೆ ಮಾಡಿದ ಬಿಲ್ ಮೇಲೆ 5:30 ಅಂತ ಬೀಳುತ್ತದೆ. ಇದು ಎರಡು ಓಎಸ್ ಇಟ್ಟುಕೊಂಡ ಪ್ರತಿಯೊಬ್ಬ ಭಾರತೀಯನಿಗೂ ಪರಿಚಯದ ಕಾಟ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ. ವಿಂಡೋಸ್ ಅದೇ ಗಡಿಯಾರವನ್ನು ಸ್ಥಳೀಯ ಸಮಯ ಅಂತ ಓದುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ವಿಂಡೋಸ್ ರಿಜಿಸ್ಟ್ರಿ (ಅದರ ಒಳಗಿನ ಸೆಟ್ಟಿಂಗ್‌ಗಳ ಕಡತ) ತಿದ್ದಿ ಅದಕ್ಕೂ ಯುಟಿಸಿ ಕಲಿಸಿ ಅನ್ನುತ್ತಾರೆ. ಲಿನಕ್ಸ್‌ಗೆ ಸ್ಥಳೀಯ ಸಮಯ ಇಡಲು ಹೇಳಿದರೆ ಅದು ಎಚ್ಚರಿಕೆಯನ್ನೂ ಕೊಡುತ್ತದೆ. ಆದರೆ ಆ ಎಚ್ಚರಿಕೆಯ ಮುಖ್ಯ ಕಾರಣ ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳು. ಎರಡೂ ಓಎಸ್ ಒಂದೊಂದು ಸಲ ಗಂಟೆ ಬದಲಿಸಿ ಎಡವಟ್ಟು ಮಾಡುತ್ತವೆ. ನಮ್ಮಲ್ಲಿ ಆ ಪದ್ಧತಿಯೇ ಇಲ್ಲ. ಹಾಗಾಗಿ ಇಲ್ಲಿ ನಾನು ಧೈರ್ಯವಾಗಿ ಲಿನಕ್ಸ್ ಕಡೆಯೇ ಬದಲಿಸುತ್ತೇನೆ. ಒಂದೇ ಕಮಾಂಡ್, ರಿಜಿಸ್ಟ್ರಿ ಮುಟ್ಟುವ ಗೋಜಿಲ್ಲ.

ಹಾಸ್ಟೆಲ್ಲಿನಿಂದ ವೀಡಿಯೊ ಕಾಲ್

ಇನ್ನೊಂದು ಹುಬ್ಬಳ್ಳಿಯ ಹಾಸ್ಟೆಲ್ಲಿನದ್ದು. ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದ. ಲ್ಯಾಬಿಗೆ ಬೇಕು ಅಂತ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಪಕ್ಕ ಉಬುಂಟು ಹಾಕಿಕೊಂಡಿದ್ದ. ಸೆಮಿಸ್ಟರ್ ಮುಗಿಯಿತು. ಯಾವುದೋ ಗೇಮಿಗೆ ಜಾಗ ಸಾಲಲಿಲ್ಲ. ವಿಂಡೋಸ್ ಒಳಗಿನಿಂದಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಉಬುಂಟು ಪಾರ್ಟಿಷನ್ ಡಿಲೀಟ್ ಮಾಡಿದ. ಗೇಮ್ ಹಾಕಿದ, ಆಡಿದ, ಮಲಗಿದ. ಮರುದಿನ ಆನ್ ಮಾಡಿದರೆ ಕಪ್ಪು ಪರದೆ, ಗ್ರಬ್ ಅಂತ ಬರೆದು ಮಿಣುಕುವ ಕರ್ಸರ್.

ನನಗೆ ಕಾಲ್ ಬರುವ ಹೊತ್ತಿಗೆ ರಾತ್ರಿಯಾಗಿತ್ತು. ರೂಮಿನ ಹುಡುಗರೆಲ್ಲ ಸುತ್ತ ನಿಂತಿದ್ದರು. "ಮಾವ, ವಿಂಡೋಸ್ ಹೋಯ್ತು. ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಅದ್ರಲ್ಲೇ ಇದೆ." ಹುಡುಗರು ಅಷ್ಟರಲ್ಲಿ ಯೂಟ್ಯೂಬ್ ನೋಡಿ ವಿಂಡೋಸ್ ಪೆನ್‌ಡ್ರೈವ್ ಹಾಕಿ ಬೂಟ್‌ರೆಕ್ ಫಿಕ್ಸ್‌ಎಂಬಿಆರ್ ಕಮಾಂಡ್ ಓಡಿಸಿದ್ದರು. ಯಶಸ್ವಿಯಾಗಿ ಮುಗಿಯಿತು ಅಂತ ಬಂತಂತೆ. ಆದರೆ ಏನೂ ಬದಲಾಗಲಿಲ್ಲ. ಮುಂದಿನ ಕಮಾಂಡ್ ಫಿಕ್ಸ್‌ಬೂಟ್. ಅದಕ್ಕೆ ಆಕ್ಸೆಸ್ ಡಿನೈಡ್. ಮುಂದಿನ ಹೆಜ್ಜೆ ಏನು ಅಂತ ನಾನು ಕೇಳಬೇಕಾಗಿರಲಿಲ್ಲ. ಒಬ್ಬ ಆಗಲೇ ಹೇಳುತ್ತಿದ್ದ, "ಫಾರ್ಮ್ಯಾಟ್ ಹೊಡಿಯೋಣಲೇ, ಅರ್ಧ ತಾಸಿನ ಕೆಲ್ಸ."

ಆ ಕಮಾಂಡ್ ಸುಳ್ಳು ಹೇಳಲಿಲ್ಲ. ಅದು 446 ಬೈಟಿನ ಕಾಲದ ಔಷಧಿ. ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿ ಬರೆಯುವುದನ್ನು ಬರೆದು ಮುಗಿಸಿತು. ಯುಇಎಫ್‌ಐ ಲ್ಯಾಪ್‌ಟಾಪ್ ಅತ್ತ ಕಡೆ ತಿರುಗಿಯೂ ನೋಡುವುದಿಲ್ಲ. ಸಲಹೆಗಳ ಆಯುಸ್ಸು ಯಂತ್ರಗಳ ಆಯುಸ್ಸಿಗಿಂತ ಜಾಸ್ತಿ. ಹತ್ತು ಹದಿನೈದು ವರ್ಷದ ಹಿಂದೆ ಯಾರಿಗೋ ಕೆಲಸ ಮಾಡಿದ್ದು ಇವತ್ತಿಗೂ ಹುಡುಕಿದ ಕೂಡಲೇ ಮೊದಲು ಸಿಗುತ್ತದೆ.

ಆಗಿದ್ದು ಇಷ್ಟೇ. ಅವನು ಅಳಿಸಿದ್ದು ಉಬುಂಟು ಪಾರ್ಟಿಷನ್. ಗ್ರಬ್‌ನ ಮೊದಲ ತುಂಡು ಕೂತಿದ್ದು ಆ 100 ಎಂಬಿಯ ಸಣ್ಣ ಪಾರ್ಟಿಷನ್ನಿನಲ್ಲಿ. ಅದನ್ನು ಯಾರೂ ಮುಟ್ಟಿರಲಿಲ್ಲ. ಬಯಾಸ್ ಪಟ್ಟಿಯಲ್ಲಿ ಅದೇ ಮೊದಲು. ಅದು ಎದ್ದಿತು, ಮೆನು ಫೈಲ್ ಹುಡುಕಿತು, ಫೈಲ್ ಇದ್ದ ಪಾರ್ಟಿಷನ್ನೇ ಇಲ್ಲ. ಏನು ಮಾಡಲಿ ಅಂತ ಕೇಳುತ್ತಾ ನಿಂತಿತು.

"ಎಕ್ಸಿಟ್ ಅಂತ ಟೈಪ್ ಮಾಡು. ಎಂಟರ್ ಒತ್ತು."

"ಅಷ್ಟೇನಾ ಮಾವ?"

"ಒತ್ತು ಮಾರಾಯ."

ವಿಂಡೋಸ್ ಲೋಗೊ ಬಂತು. ಹುಡುಗರು ಕಿರುಚಿದ್ದಕ್ಕೆ ಫೋನ್ ದೂರ ಹಿಡಿದೆ. ಇದರಲ್ಲಿ ಮಂತ್ರ ಏನೂ ಇಲ್ಲ. ಯುಇಎಫ್‌ಐ ಯಂತ್ರದಲ್ಲಿ ಗ್ರಬ್‌ಗೆ ಎಕ್ಸಿಟ್ ಅಂದರೆ ಅದು ಕೆಲಸವನ್ನು ಬಯಾಸ್‌ಗೆ ವಾಪಸ್ ಕೊಡುತ್ತದೆ. ಬಯಾಸ್ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತದೆ. ಮುಂದಿನವರು ವಿಂಡೋಸ್. ಕೆಲವು ಲ್ಯಾಪ್‌ಟಾಪುಗಳಲ್ಲಿ ಹೀಗೆ ಆಗುವುದಿಲ್ಲ, ಆಗ ಆನ್ ಮಾಡುವಾಗ ಎಫ್12 ಅಥವಾ ಎಫ್9 ಅಥವಾ ಎಸ್ಕೇಪ್ ಒತ್ತಿ ಬೂಟ್ ಮೆನು ತರಿಸಿ ವಿಂಡೋಸ್ ಆರಿಸಬೇಕು. ಯಾವ ಕೀ ಅನ್ನುವುದು ಕಂಪನಿಗೊಂದು. ಆಮೇಲೆ ಅವನಿಂದ ಬಯಾಸ್ ಪಟ್ಟಿಯಲ್ಲಿ ವಿಂಡೋಸನ್ನು ಮೇಲಕ್ಕೆ ತರಿಸಿದೆ. ಸಣ್ಣ ಪಾರ್ಟಿಷನ್ನಿನಲ್ಲಿ ಉಳಿದ ಉಬುಂಟು ಫೋಲ್ಡರನ್ನು ತೆಗೆಯಲೂಬಹುದು, ಆದರೆ ಅದು ಇದ್ದರೆ ಯಾರಿಗೂ ತೊಂದರೆಯಿಲ್ಲ. ಆ ರಾತ್ರಿಯ ಉತ್ಸಾಹದಲ್ಲಿ ಅವನ ಕೈಗೆ ಇನ್ನೊಂದು ಡಿಲೀಟ್ ಕೆಲಸ ಕೊಡುವುದು ನನಗೆ ಬೇಡವಾಗಿತ್ತು.

ಆಗಸ್ಟ್ 2024

ಪರದೆಯ ಮೇಲಿನ ಮಾತೇ ದಿಗಿಲು ಹುಟ್ಟಿಸುವುದೂ ಉಂಟು. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಜಗತ್ತಿನ ಎಷ್ಟೋ ಕಡೆ ಡ್ಯುಯಲ್ ಬೂಟ್, ಅಂದರೆ ಎರಡು ಓಎಸ್ ಇರುವ ಯಂತ್ರಗಳಲ್ಲಿ ಲಿನಕ್ಸ್ ಏಳಲಿಲ್ಲ. ಬಂದದ್ದು ಎರಡು ಸಾಲು. ಎಸ್‌ಬಿಎಟಿ ತಪಾಸಣೆ ಫೇಲಾಗಿದೆ, ಸೆಕ್ಯೂರಿಟಿ ಪಾಲಿಸಿ ವಯಲೇಷನ್. ಅದರ ಕೆಳಗೆ, "ಸಂಥಿಂಗ್ ಹ್ಯಾಸ್ ಗಾನ್ ಸೀರಿಯಸ್‌ಲಿ ರಾಂಗ್". ಇದನ್ನು ಓದಿದವರ ಎದೆ ಧಸಕ್ ಅನ್ನದೆ ಇರುತ್ತದೆಯೇ? ನಿಜ ಹೇಳಬೇಕೆಂದರೆ ಡಿಸ್ಕಿನಲ್ಲಿ ಒಂದು ಅಕ್ಷರವೂ ಅಳಿಸಿರಲಿಲ್ಲ.

ಇದರ ಹಿನ್ನೆಲೆ ಸ್ವಲ್ಪ ಉದ್ದ. ವಿಂಡೋಸ್ 8ರ ಕಾಲಕ್ಕೆ, 2012ರಲ್ಲಿ, ಸೆಕ್ಯೂರ್ ಬೂಟ್ ಬಂತು. ತಾನು ಒಪ್ಪುವ ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಮನ್ನು ಬಯಾಸ್ ಎಬ್ಬಿಸುವುದಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಒಪ್ಪುವ ಸಹಿ ಮೈಕ್ರೋಸಾಫ್ಟ್‌ನದ್ದು. ಲಿನಕ್ಸ್‌ನವರು ಪ್ರತಿ ಸಲ ಗ್ರಬ್ ಬದಲಾದಾಗ ಅಲ್ಲಿಗೆ ಓಡಲು ಆಗುವುದಿಲ್ಲ. ಅದಕ್ಕೆ ಲಿನಕ್ಸ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್ ಶಿಮ್ ಅನ್ನುವ ಸಣ್ಣ ಪ್ರೋಗ್ರಾಂ ಮಾಡಿದರು. ಮೈಕ್ರೋಸಾಫ್ಟ್ ಶಿಮ್‌ಗೆ ಸಹಿ ಹಾಕುತ್ತದೆ, ಶಿಮ್ ತನ್ನೊಳಗೆ ಉಬುಂಟು ಅಥವಾ ಫೆಡೋರಾದ (ಇದೂ ಲಿನಕ್ಸ್‌ನ ಒಂದು ಬಗೆ) ಕೀಲಿ ಇಟ್ಟುಕೊಂಡು ಗ್ರಬ್‌ನ ಸಹಿ ನೋಡುತ್ತದೆ. 2020ರ ಜುಲೈನಲ್ಲಿ ಗ್ರಬ್‌ನೊಳಗೆ ದೊಡ್ಡ ತೂತು ಸಿಕ್ಕಿತು, ಬೂಟ್‌ಹೋಲ್ ಅಂತ ಹೆಸರಾಯಿತು. ಹಳೆಯ ಗ್ರಬ್‌ಗಳನ್ನೆಲ್ಲ ನಿಷೇಧಿಸಬೇಕಾಯಿತು. ಒಂದೊಂದರ ಗುರುತನ್ನೂ ಮದರ್‌ಬೋರ್ಡಿನ ಕಪ್ಪುಪಟ್ಟಿಗೆ ಹಾಕುತ್ತಾ ಹೋದರೆ ಅಲ್ಲಿ ಜಾಗವೇ ಸಾಲದು. ಆಗ ಹೊಳೆದದ್ದು ಎಸ್‌ಬಿಎಟಿ. ಪ್ರತಿ ಪ್ರೋಗ್ರಾಮಿಗೂ ತಲೆಮಾರಿನ ನಂಬರ್. ಇಂತಿಷ್ಟಕ್ಕಿಂತ ಹಳೆಯ ತಲೆಮಾರು ಬೇಡ ಅಂತ ಒಂದು ಸಾಲು ಬರೆದರೆ ಮುಗಿಯಿತು. ಜಾಣ ಉಪಾಯ.

ಆಗಸ್ಟ್ ಅಪ್‌ಡೇಟ್ ಆ ಸಾಲನ್ನು ಬರೆಯಿತು. ಎರಡು ಓಎಸ್ ಇರುವ ಯಂತ್ರಗಳಲ್ಲಿ ಬರೆಯುವುದಿಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಆದರೆ ಕೆಲವು ರೀತಿಯ ಡ್ಯುಯಲ್ ಬೂಟ್‌ಗಳನ್ನು ಗುರುತಿಸುವಲ್ಲಿ ಅದು ತಪ್ಪಿತು ಅಂತ ಆಮೇಲೆ ಒಪ್ಪಿಕೊಂಡಿತು. ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳ ಅಪ್‌ಡೇಟಿನಲ್ಲಿ. ಅಲ್ಲಿಯ ತನಕ ಜನ ಕಂಡುಕೊಂಡ ದಾರಿ ಸುಲಭದ್ದೇ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸ್ ಒಳಗೆ ಹೋಗಿ ಮೋಕ್‌ಯುಟಿಲ್ ಕಮಾಂಡಿನಿಂದ ಆ ಸಾಲು ಅಳಿಸಿ, ಒಂದು ಸಲ ರೀಬೂಟ್ ಮಾಡಿ, ಮತ್ತೆ ಸೆಕ್ಯೂರ್ ಬೂಟ್ ಆನ್. ನನ್ನ ಅಭಿಪ್ರಾಯ ಕೇಳಿದರೆ ಇಲ್ಲಿ ಹಳೆಯ ಗ್ರಬ್ ಇಟ್ಟುಕೊಂಡವರದ್ದು ತಪ್ಪು ಅಂತ ವಾದಿಸುವುದು ಸರಿಯಲ್ಲ. ಒಂದು ಓಎಸ್ ತನ್ನ ಕ್ಷೇಮಕ್ಕೆ ಅಂತ ಇನ್ನೊಂದರ ಬಾಗಿಲಿಗೆ ಬೀಗ ಹಾಕುವುದಾದರೆ ಮೊದಲೇ ಸ್ಪಷ್ಟವಾಗಿ ಹೇಳಬೇಕು.

ಬೀಗ ಬಂದ ಮೇಲೆ

ಇಷ್ಟು ಹೊತ್ತು "ಏನೂ ಹೋಗಿರುವುದಿಲ್ಲ, ಗಾಬರಿ ಬೇಡ" ಅಂತ ಹೇಳುತ್ತಾ ಬಂದೆ. ಈಗ ಆ ಮಾತಿಗೆ ಒಂದು ಷರತ್ತು ಸೇರಿಸಬೇಕಾಗಿದೆ. ಬಿಟ್‌ಲಾಕರ್, ಅಂದರೆ ಇಡೀ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಮೊದಲು ಆಫೀಸ್ ಲ್ಯಾಪ್‌ಟಾಪುಗಳಲ್ಲಿ ಮಾತ್ರ ನೋಡುತ್ತಿದ್ದೆವು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಗೆ ಹೋದರೆ, ಹೋಮ್ ಆವೃತ್ತಿಯಲ್ಲೂ ಡಿಸ್ಕ್ ತಾನಾಗಿಯೇ ಬೀಗದೊಳಗೆ ಹೋಗುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದ ಕೂಡಲೇ ಬಿಟ್‌ಲಾಕರ್‌ಗೆ ಅನುಮಾನ ಬರುತ್ತದೆ. 48 ಅಂಕಿಯ ಕೀ ಕೊಡು ಅನ್ನುತ್ತದೆ. ಮೇಲೆ ಹೇಳಿದ ಆಗಸ್ಟ್ ಪರಿಹಾರದ ಮೊದಲ ಹೆಜ್ಜೆ ಯಾವುದಿತ್ತು ನೆನಪಿದೆಯಲ್ಲ? ಲಿನಕ್ಸ್ ಎಬ್ಬಿಸಲು ಹೋಗಿ ವಿಂಡೋಸ್‌ನ ಹೊರಗೆ ನಿಲ್ಲುತ್ತೀರಿ. ಸಾಗರದಲ್ಲಿ ಮಾಡಿದ ಹಾಗೆ ಲಿನಕ್ಸ್ ಕಡೆಯಿಂದ ವಿಂಡೋಸ್ ಪಾರ್ಟಿಷನ್ ತೆರೆದು ಫೈಲ್ ಕಾಪಿ ಮಾಡೋಣ ಅಂದರೆ ಅಲ್ಲೂ ಅದೇ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿ ಎಲ್ಲ ಇದ್ದೂ ಇಲ್ಲ. ಆಗ ಮಾತ್ರ ಫಾರ್ಮ್ಯಾಟ್ ಅನ್ನುವವನ ಮಾತಿಗೆ ಎದುರಾಡಲು ನನ್ನ ಬಳಿ ಏನೂ ಇಲ್ಲ.

ಇದು ನನ್ನ ಗಮನಕ್ಕೆ ಬಂದದ್ದು ಚಿಕ್ಕಪ್ಪನ ಹೊಸ ಲ್ಯಾಪ್‌ಟಾಪಿನಿಂದ. ಅವರ ಮಗಳು ಲಿನಕ್ಸ್ ಕಲಿಯುತ್ತೇನೆ ಅಂತ ಸೆಕ್ಯೂರ್ ಬೂಟ್ ಆಫ್ ಮಾಡಿ ಪೆನ್‌ಡ್ರೈವಿನಿಂದ ಓಡಿಸಿ ನೋಡಿದಳು. ಆಮೇಲೆ ವಿಂಡೋಸ್ ಕಡೆ ಬಂದರೆ ನೀಲಿ ಪರದೆ, ಕೀ ಕೊಡು. ಚಿಕ್ಕಪ್ಪ ಅವಳಿಗೆ ಬೈದು ನನಗೆ ಫೋನ್ ಮಾಡಿದರು. "ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡೋಕೆ ಹೇಳಿ ಚಿಕ್ಕಪ್ಪ, ಬೇರೆ ಏನೂ ಮುಟ್ಟೋದು ಬೇಡ" ಅಂದೆ. ಬದಲಿಸಿದ್ದನ್ನು ಮೊದಲಿದ್ದ ಹಾಗೆ ಇಟ್ಟರೆ ಹೆಚ್ಚಿನ ಸಲ ಅದು ಕೀ ಕೇಳದೆ ತೆರೆದುಕೊಳ್ಳುತ್ತದೆ. ತೆರೆದುಕೊಂಡಿತು.

ಆ ಭಾನುವಾರ ಅವರ ಮನೆಗೆ ಹೋದಾಗ ಕೀ ಎಲ್ಲಿದೆ ನೋಡೋಣ ಅಂತ ಕೂತೆವು. ಅದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ. ಅಕೌಂಟಿನ ಇಮೇಲ್ ನೋಡಿದರೆ ಚಿಕ್ಕಪ್ಪನದ್ದಲ್ಲ, ಮನೆಯಲ್ಲಿ ಯಾರದ್ದೂ ಅಲ್ಲ. ಲ್ಯಾಪ್‌ಟಾಪ್ ಮಾರಿದ ಅಂಗಡಿಯಲ್ಲೇ "ಸೆಟಪ್ ಮಾಡಿ ಕೊಡ್ತೀವಿ ಸಾರ್" ಅಂದಿದ್ದರಂತೆ, ಚಿಕ್ಕಪ್ಪ ಹೂಂ ಅಂದಿದ್ದರು. ಅಂಗಡಿಯವರು ತಮ್ಮದೇ ಇಮೇಲ್ ಹಾಕಿ ಮುಗಿಸಿದ್ದರು. ಇದರಲ್ಲಿ ಕೆಟ್ಟ ಉದ್ದೇಶ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಗಿರಾಕಿ ಪಾಸ್‌ವರ್ಡ್ ಮರೆತಿರುತ್ತಾರೆ, ಕೌಂಟರ್ ಮುಂದೆ ಸಾಲು ಇರುತ್ತದೆ, ಕೆಲಸ ಬೇಗ ಆಗಬೇಕು. ಹೋಗಿ ಕೇಳಿದಾಗ ಅವರು ಬೇಸರಿಸದೆ ಫೋನಿನಲ್ಲೇ ಅಕೌಂಟ್ ತೆರೆದು ತೋರಿಸಿದರು. ಕೀಗಳ ಉದ್ದನೆಯ ಪಟ್ಟಿ. ಯಾವುದು ಯಾರದ್ದು ಅಂತ ಹೆಸರಿಲ್ಲ. ಕೀ ಐಡಿಯ ಮೊದಲ ಎಂಟು ಅಕ್ಷರ ಹೊಂದಿಸಿ ಚಿಕ್ಕಪ್ಪನದ್ದು ಹುಡುಕಿದೆವು.

ಮನೆಗೆ ಬಂದು ಕೀ ಪ್ರಿಂಟ್ ತೆಗೆದು ಎಲ್‌ಐಸಿ ಬಾಂಡ್ ಇಡುವ ಫೈಲಿಗೆ ಹಾಕಿದೆವು. ಲ್ಯಾಪ್‌ಟಾಪನ್ನು ಚಿಕ್ಕಪ್ಪನದೇ ಅಕೌಂಟಿಗೆ ಬದಲಿಸಿ, ಬಿಟ್‌ಲಾಕರ್ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದೆವು, ಹೊಸ ಕೀ ಅವರ ಹೆಸರಲ್ಲೇ ಉಳಿಯಲಿ ಅಂತ. ಹೊಸ ಕೀ ಬಂತು, ಹಳೆಯ ಪ್ರಿಂಟ್ ಹರಿದು ಹೊಸದನ್ನು ಇಟ್ಟೆವು. ಅಂಗಡಿಯವರ ಪಟ್ಟಿಯಲ್ಲಿದ್ದ ಉಳಿದವರಿಗೆ ತಮ್ಮ ಕೀ ಅಲ್ಲಿದೆ ಅನ್ನುವುದು ಗೊತ್ತಿರಲಿಕ್ಕಿಲ್ಲ. ಹೊಸ ಲ್ಯಾಪ್‌ಟಾಪ್ ಅಂಗಡಿಯಲ್ಲೇ ಸೆಟಪ್ ಮಾಡಿಸಿಕೊಂಡು ಬಂದವರು ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ಅಲ್ಲಿ ಯಾರ ಇಮೇಲ್ ಇದೆ ಅಂತ ಒಮ್ಮೆ ನೋಡಿಬಿಡಿ.